ಕೋರ್ಟು ಮೆಟ್ಟಿಲೇರಿದ ಮೋಹನ

ಪ್ರಿಯ ರಘು,

ನೀನು ಕಳಿಸಿದ ಟ್ಯೂನನ್ನು ನಾಲ್ಕು ಸಲ ಕೇಳಿದೆ. ಚೆನ್ನಾಗಿದೆ ಕಣೋ. ಆದರೆ ಅದರ ಕೆಳಗೆ ನೀನು ಬರೆದಿದ್ದನ್ನು ಓದಿ ಬೇಜಾರಾಯಿತು. ‘ಇದನ್ನ ಎಲ್ಲೋ ಕೇಳಿದ ಹಾಗಿದೆ’ ಅಂತ ಎಡಿಟಿಂಗ್ ಮಾಡುವ ಹುಡುಗ ಅಂದನಂತೆ, ಅವತ್ತಿಂದ ನೀನು ಹಾರ್ಮೋನಿಯಂ ಮುಚ್ಚಳ ತೆಗೆದಿಲ್ಲವಂತೆ. ‘ನಾನು ಕದ್ದೆನಾ?’ ಅಂತ ನನ್ನನ್ನು ಕೇಳಿದ್ದೀಯ. ನಾನು ವಕೀಲನೂ ಅಲ್ಲ, ಸಂಗೀತಗಾರನೂ ಅಲ್ಲ. ಆದರೂ ಈ ಪ್ರಶ್ನೆಯನ್ನು ಕೋರ್ಟಿನ ಕಟಕಟೆಯಲ್ಲೇ ಎದುರಿಸಿದವನೊಬ್ಬನ ಕಥೆ ನನಗೆ ಗೊತ್ತು. ಸ್ವಲ್ಪ ಉದ್ದವಾಗುತ್ತೆ, ಕಾಫಿ ಮಾಡಿಕೊಂಡು ಕೂತುಕೋ.

ಇಂಗ್ಲೆಂಡಿನ ಬೀಟಲ್ಸ್ ತಂಡ ಒಡೆದ ವರ್ಷ, ಅಂದರೆ 1970ರಲ್ಲಿ, ಅದರ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್ ‘ಮೈ ಸ್ವೀಟ್ ಲಾರ್ಡ್’ ಹಾಡಿದ. ರವಿಶಂಕರ್ ಹತ್ತಿರ ಸಿತಾರ್ ಕಲಿತವನು, ಕೃಷ್ಣನ ಭಕ್ತ. ಹಾಡಿನಲ್ಲಿ ಮೊದಲು ಹಲ್ಲೆಲೂಯಾ, ಆಮೇಲೆ ಸದ್ದಿಲ್ಲದೆ ಹರೇ ಕೃಷ್ಣ, ಕೊನೆಗೆ ಹಿಮ್ಮೇಳದಲ್ಲಿ ‘ಗುರುರ್ಬ್ರಹ್ಮಾ ಗುರುರ್ವಿಷ್ಣು’ ಕೂಡ ಕೇಳುತ್ತೆ. ನಾವು ಸ್ಕೂಲಿನ ಪ್ರಾರ್ಥನೆಯಲ್ಲಿ ನಿದ್ದೆಗಣ್ಣಲ್ಲಿ ಹೇಳುತ್ತಿದ್ದ ಅದೇ ಶ್ಲೋಕ! ಹಾಡು ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಮೊದಲ ಸ್ಥಾನಕ್ಕೆ ಹೋಯಿತು.

ಮರು ವರ್ಷವೇ ಬ್ರೈಟ್ ಟ್ಯೂನ್ಸ್ ಅನ್ನುವ ಅಮೆರಿಕದ ಕಂಪನಿ ದಾವೆ ಹಾಕಿತು. ‘ಇದು ನಮ್ಮ ಹಾಡಿನ ಟ್ಯೂನು’ ಅಂತ. ಅವರ ಹಾಡು 1963ರ ‘ಹೀಸ್ ಸೋ ಫೈನ್’. ಶಿಫಾನ್ಸ್ ಅನ್ನುವ ಹುಡುಗಿಯರ ತಂಡ ಹಾಡಿದ್ದು, ಬರೆದವನು ರೋನಿ ಮ್ಯಾಕ್. ಪಾಪ, ಹಾಡು ಗೆದ್ದ ವರ್ಷವೇ ಅವನು ತೀರಿಕೊಂಡ. ಇಷ್ಟೆಲ್ಲ ನಡೆದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಹುಡುಗನೊಬ್ಬ ಎಷ್ಟು ಚೆನ್ನಾಗಿದ್ದಾನೆ ಅಂತ ಹುಡುಗಿ ಹಾಡುವ ಹಾಡೆಲ್ಲಿ, ದೇವರನ್ನು ಕರೆಯುವ ಹಾಡೆಲ್ಲಿ! ಆದರೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡು. ನಾನು ಕೇಳಿದಾಗ ನಕ್ಕುಬಿಟ್ಟೆ. ಸುಳ್ಳು ಹೇಳಲಾರೆ, ಹೋಲಿಕೆ ಇದೆ.

1976ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ಜಡ್ಜ್ ರಿಚರ್ಡ್ ಓವೆನ್ ಸ್ವತಃ ಆಪೆರಾಗಳಿಗೆ ಸಂಗೀತ ಬರೆದವರು, ಆದ್ದರಿಂದ ಸ್ವರ ಗೊತ್ತಿಲ್ಲದ ಜಡ್ಜ್ ಸಿಕ್ಕಿದರು ಅಂತ ಜಾರ್ಜ್ ಗೊಣಗುವ ಹಾಗೂ ಇರಲಿಲ್ಲ. ಜಾರ್ಜ್ ಕೋರ್ಟಿನಲ್ಲೇ ಗಿಟಾರ್ ಹಿಡಿದು, ಹಾಡು ಹೇಗೆ ಹುಟ್ಟಿತು ಅಂತ ನುಡಿಸಿ ತೋರಿಸಿದ. ಕೋಪನ್‌ಹೇಗನ್‌ನಲ್ಲಿ ಸಂಗೀತ ಕಛೇರಿಗೆ ಹೋಗಿದ್ದಾಗ ಸುಮ್ನೆ ಗಿಟಾರ್ ಮೀಟುತ್ತಾ ಹಲ್ಲೆಲೂಯಾ, ಹರೇ ಕೃಷ್ಣ ಅಂತ ಹಾಡಿಕೊಳ್ಳುತ್ತಿದ್ದನಂತೆ. ಆಮೇಲೆ ಕೀಬೋರ್ಡ್ ನುಡಿಸುವ ಬಿಲ್ಲಿ ಪ್ರೆಸ್ಟನ್ ಜೊತೆ ಸೇರಿ ಅದು ಹಾಡಾಯಿತು.

ಈಗ ನಿನಗೆ ಇಷ್ಟವಾಗುವ ಭಾಗಕ್ಕೆ ಬರುತ್ತೇನೆ. ತೀರ್ಪಿನಲ್ಲಿ ಜಡ್ಜ್ ಹಾಡನ್ನು ತುಂಡು ತುಂಡು ಮಾಡಿ ಸ್ವರ ಬರೆದಿದ್ದಾರೆ. ಮೊದಲ ತುಂಡು ಸೋಲ್-ಮಿ-ರೆ. ಎರಡನೆಯದು ಸೋಲ್-ಲಾ-ಡೋ-ಲಾ-ಡೋ. ನಮ್ಮ ಲೆಕ್ಕದಲ್ಲಿ ಹಾಡಿ ನೋಡು: ಪ ಗ ರಿ. ಪ ದ ಸ ದ ಸ. ಗೊತ್ತಾಯಿತಾ? ಅಪ್ಪಟ ಮೋಹನ ರಾಗ ಕಣೋ! ಮೇಷ್ಟ್ರ ಮನೆ ಜಗುಲಿಯಲ್ಲಿ ನಾವು ಒದರುತ್ತಿದ್ದ ಸ್ವರಗಳೇ. ಅಲ್ಲಿ ಯಾರಾದರೂ ‘ಪ ಗ ರಿ ನಮ್ಮದು’ ಅಂದಿದ್ದರೆ ಮೇಷ್ಟ್ರು ಪಿಟೀಲಿನ ಕಮಾನಿನಲ್ಲೇ ಎರಡು ಬಿಡುತ್ತಿದ್ದರು.

ಆದರೆ ಜಡ್ಜ್ ಅಷ್ಟು ಸುಲಭಕ್ಕೆ ಸಿಗುವ ಆಸಾಮಿಯಲ್ಲ. ಈ ತುಂಡುಗಳು ಬಿಡಿಬಿಡಿಯಾಗಿ ಹೊಸವೇನಲ್ಲ ಅಂತ ಅವರೇ ಒಪ್ಪಿದರು. ಮೊದಲ ತುಂಡು ನಾಲ್ಕು ಸಲ, ಅದರ ಬೆನ್ನಿಗೇ ಎರಡನೆಯದು ನಾಲ್ಕು ಸಲ, ಈ ಜೋಡಣೆ ಮಾತ್ರ ಬೇರೆಲ್ಲೂ ಸಿಗುವಂಥದ್ದಲ್ಲ ಅಂದರು. ಜಾರ್ಜ್ ಎರಡನೆಯದನ್ನು ಮೂರೇ ಸಲ ಹಾಡಿದ್ದಾನೆ, ನಾಲ್ಕನೆಯದರ ಜಾಗಕ್ಕೆ ಅಷ್ಟೇ ಉದ್ದದ ಇನ್ನೊಂದು ತುಂಡು ಇಟ್ಟಿದ್ದಾನೆ. ಅದೂ ಪರವಾಗಿಲ್ಲ. ಹಳೇ ಹಾಡಿನಲ್ಲಿ ಎರಡನೇ ತುಂಡು ಎರಡನೇ ಸಲ ಬರುವಾಗ ಕೊನೆಯ ಸ ಮುಟ್ಟುವ ಮೊದಲು ರಿಷಭ ಒಂದು ಚೂರು ತಾಗಿ ಹೋಗುತ್ತೆ: ಪ ದ ಸ ದ ರಿ-ಸ. ಆ ಚೂರು ಇಲ್ಲೂ ಅದೇ ಜಾಗದಲ್ಲಿ ಇತ್ತು! ಸ್ವರ ಒಂದೇ ಆಗಿರಬಹುದು, ಗಮಕವೂ ಅದೇ ಜಾಗಕ್ಕೆ ಬಂದು ಕೂತರೆ ಏನು ಹೇಳುವುದು?

1976ರ ಆಗಸ್ಟ್ 31ಕ್ಕೆ ತೀರ್ಪು ಬಂತು. ಜಾರ್ಜ್ ಬೇಕು ಅಂತ ಕದ್ದಿಲ್ಲ ಅಂತ ಜಡ್ಜ್ ಬರೆದರು. ಆದರೆ ‘ಹೀಸ್ ಸೋ ಫೈನ್’ 1963ರಲ್ಲಿ ಇಂಗ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲೂ ಇತ್ತು, ಅವನು ಕೇಳಿದ್ದ. ಒಳಮನಸ್ಸಿಗೆ ಈ ಜೋಡಣೆ ಗೆಲ್ಲುತ್ತೆ ಅಂತ ಗೊತ್ತಿತ್ತು, ಅವನಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದರೂ ಕಾನೂನಿನಲ್ಲಿ ಅದು ನಕಲೇ.

ಎಂಥ ವಿಚಿತ್ರ ನೋಡು. ಆರೋಪಿ ಸುಳ್ಳುಗಾರನಲ್ಲ ಅಂತಲೂ ಒಪ್ಪಿದರು, ಸೋತ ಅಂತಲೂ ಹೇಳಿದರು. ತೀರ್ಪು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ‘ನೆನಪಿರಲಿಲ್ಲ’ ಅನ್ನುವುದನ್ನೇ ಒಪ್ಪಿಕೊಂಡುಬಿಟ್ಟರೆ ನಿಜವಾದ ಕಳ್ಳರೆಲ್ಲ ಮರೆವಿನ ರೋಗಿಗಳಾಗಿಬಿಡುತ್ತಾರೆ, ಅಲ್ವಾ? ಆದರೂ ಜಾರ್ಜ್ ಬಗ್ಗೆ ಅಯ್ಯೋ ಅನ್ನಿಸುತ್ತೆ. ಆಮೇಲೆ ಹಾಡು ಬರೆಯಲು ಕೂರುವುದೇ ಅವನಿಗೆ ಕಷ್ಟವಾಯಿತಂತೆ. ರೇಡಿಯೋದಲ್ಲಿ ಏನು ಬಂದರೂ ಇನ್ಯಾವುದೋ ಹಾಡಿನ ಹಾಗೆ ಕೇಳುತ್ತಿತ್ತಂತೆ. ನೀನು ಈಗ ಇರುವುದು ಅಲ್ಲೇ.

ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. ಹಾಡಿನ ಗಳಿಕೆಯಲ್ಲಿ ಮುಕ್ಕಾಲು ಪಾಲು ಟ್ಯೂನಿನಿಂದ ಬಂದದ್ದು, ಕಾಲು ಪಾಲು ಜಾರ್ಜ್‌ನ ಹೆಸರು ಮತ್ತು ಉಳಿದದ್ದರಿಂದ ಅಂತ ಜಡ್ಜ್ ಲೆಕ್ಕ ಹಾಕಿದರು. ಆ ಮುಕ್ಕಾಲು ಪಾಲು ಎಷ್ಟು ಗೊತ್ತಾ? 15,99,987 ಡಾಲರ್! ಅಷ್ಟರಲ್ಲಿ ಕಥೆಯೊಳಗೆ ಆಲನ್ ಕ್ಲೈನ್ ಬಂದ. ಇವನು ಯಾರು ಅಂದರೆ ಬೀಟಲ್ಸ್‌ನ ಮ್ಯಾನೇಜರ್ ಆಗಿದ್ದವನು. ದಾವೆ ಶುರುವಾದಾಗ ಜಾರ್ಜ್ ಪರವಾಗಿ ಬ್ರೈಟ್ ಟ್ಯೂನ್ಸ್ ಜೊತೆ ಮಾತಾಡುತ್ತಿದ್ದವನೂ ಇವನೇ. 1973ರಲ್ಲಿ ಜಾರ್ಜ್‌ಗೂ ಇವನಿಗೂ ಮುರಿಯಿತು. ಆಮೇಲೆ ಆಸಾಮಿ ಆ ಕಡೆ ಸೇರಿಕೊಂಡು, ಹಾಡಿನ ಗಳಿಕೆಯ ವಿವರ ಕೊಟ್ಟು, 1978ರಲ್ಲಿ ಹಳೇ ಹಾಡಿನ ಹಕ್ಕು ಮತ್ತು ಈ ದಾವೆ ಎರಡನ್ನೂ 5,87,000 ಡಾಲರಿಗೆ ಕೊಂಡುಕೊಂಡುಬಿಟ್ಟ. ಅಂದರೆ ಜಾರ್ಜ್ ಈಗ ದಂಡ ಕಟ್ಟಬೇಕಾದದ್ದು ತನ್ನ ಮಾಜಿ ಮ್ಯಾನೇಜರಿಗೆ! ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಜಡ್ಜ್ ಇದಕ್ಕೆ ಬಿಡಲಿಲ್ಲ. 1981ರಲ್ಲಿ, ನಂಬಿದವನಿಗೆ ದ್ರೋಹ ಮಾಡಿ ಲಾಭ ತಿನ್ನುವ ಹಾಗಿಲ್ಲ ಅಂದರು. ಕ್ಲೈನ್ ಕೊಟ್ಟಷ್ಟೇ ದುಡ್ಡನ್ನು ಬಡ್ಡಿ ಸೇರಿಸಿ ಜಾರ್ಜ್ ಕೊಡಲಿ, ಹಾಡು ಅವನಿಗೇ ಸೇರಲಿ ಅಂತ ಆಯಿತು. ಲೆಕ್ಕಾಚಾರದ ಜಗಳ ಮಾತ್ರ 1990ರ ದಶಕದವರೆಗೂ ಎಳೆಯಿತು.

ಇದರ ನಡುವೆ 1975ರಲ್ಲಿ ಶಿಫಾನ್ಸ್ ಹುಡುಗಿಯರು ‘ಮೈ ಸ್ವೀಟ್ ಲಾರ್ಡ್’ ಹಾಡಿ ರೆಕಾರ್ಡ್ ಬಿಟ್ಟರು. ತಮಾಷೆ ಅಂದರೆ ಇದು.

ಇನ್ನೊಬ್ಬನ ಕಥೆ ಚಿಕ್ಕದಾಗಿ ಹೇಳುತ್ತೇನೆ. ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಅನ್ನುವ ಅಮೆರಿಕದ ರಾಕ್ ತಂಡದ ಗಾಯಕ ಜಾನ್ ಫೋಗರ್ಟಿ. ಕರಾರಿನಿಂದ ಬಿಡಿಸಿಕೊಳ್ಳಲು ತನ್ನ ರಾಯಲ್ಟಿಯನ್ನೇ ಬಿಟ್ಟುಕೊಟ್ಟವನು. ಹಳೇ ಹಾಡುಗಳ ಹಕ್ಕು ಫ್ಯಾಂಟಸಿ ಅನ್ನುವ ರೆಕಾರ್ಡ್ ಕಂಪನಿಯ ಹತ್ತಿರವೇ ಉಳಿಯಿತು. 1985ರಲ್ಲಿ ಅವನು ಬೇರೆ ಕಡೆ ಹೊಸ ಹಾಡು ಮಾಡಿದಾಗ ಫ್ಯಾಂಟಸಿ ದಾವೆ ಹೂಡಿತು: ಇದು 1970ರ ನಮ್ಮ ಹಾಡಿನ ನಕಲು. ಆ ಹಳೇ ಹಾಡನ್ನು ಬರೆದವನು ಯಾರು? ಇವನೇ! ನೀನು ನಿನ್ನ ಹಾಗೆಯೇ ಹಾಡುತ್ತಿದ್ದೀಯ ಅನ್ನುವುದೇ ಆರೋಪ. ಇವನೂ ಕಟಕಟೆಯಲ್ಲಿ ಗಿಟಾರ್ ನುಡಿಸಿದ. 1988ರಲ್ಲಿ ಜ್ಯೂರಿ ಇವನ ಪರ ನಿಂತಿತು. ಗೆದ್ದರೂ ವಕೀಲರ ಫೀಸು ಹತ್ತು ಲಕ್ಷ ಡಾಲರ್ ದಾಟಿತ್ತು. ಅದನ್ನು ಕೊಡಿಸಿ ಅಂತ ಸುಪ್ರೀಂ ಕೋರ್ಟಿನವರೆಗೂ ಹೋದ, 1994ರಲ್ಲಿ ಅಲ್ಲೂ ಗೆದ್ದ. ಸಿಟ್ಟು ಎಷ್ಟಿತ್ತು ಅಂದರೆ ವರ್ಷಗಟ್ಟಲೆ ತನ್ನ ಹಳೇ ಹಾಡುಗಳನ್ನು ವೇದಿಕೆಯಲ್ಲಿ ಹಾಡಲೇ ಇಲ್ಲ.

1987ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಪಾಲೊಮಿನೋ ಕ್ಲಬ್ಬಿನಲ್ಲಿ ಅವನು, ಗಾಯಕ ಬಾಬ್ ಡಿಲನ್, ನಮ್ಮ ಜಾರ್ಜ್ ಒಂದೇ ವೇದಿಕೆ ಹತ್ತಿದರು. ನಿನ್ನ ಹಳೇ ಹಾಡು ‘ಪ್ರೌಡ್ ಮೇರಿ’ ನೀನು ಹಾಡದಿದ್ದರೆ ಜನ ಅದನ್ನು ಗಾಯಕಿ ಟೀನಾ ಟರ್ನರ್ ಹಾಡು ಅಂದುಕೊಳ್ಳುತ್ತಾರೆ ಅಂತ ಡಿಲನ್ ಚುಚ್ಚಿದನಂತೆ. ಫೋಗರ್ಟಿ ಹಾಡಿದ. ತನ್ನ ಟ್ಯೂನು ಬೇರೆಯವರದು ಅಂತ ತೀರ್ಪು ಪಡೆದವನೊಬ್ಬ, ತನ್ನ ಹಾಡನ್ನೇ ಕದ್ದೆ ಅನ್ನಿಸಿಕೊಂಡವನೊಬ್ಬ, ಅಕ್ಕಪಕ್ಕ ಗಿಟಾರ್ ಹಿಡಿದು ನಿಂತಿದ್ದರು. ಆ ರಾತ್ರಿ ಅಲ್ಲಿ ಇರಬೇಕಿತ್ತು ಕಣೋ.

ನಮ್ಮಲ್ಲೂ ಇದು ಹೊಸದಲ್ಲ. 2022ರಲ್ಲಿ ‘ಕಾಂತಾರ’ ಓಟಿಟಿಗೆ ಬಂದಾಗ ನೀನೇ ರಾತ್ರಿ ಫೋನ್ ಮಾಡಿದ್ದೆ, ‘ವರಾಹ ರೂಪಂ’ ಟ್ಯೂನ್ ಬೇರೆ ಇದೆಯಲ್ಲೋ ಅಂತ. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಅದು ತಮ್ಮ ‘ನವರಸಂ’ ಹಾಡಿನದು ಅಂತ ಕೋರ್ಟಿಗೆ ಹೋಗಿತ್ತು. ಸಿನಿಮಾದ ಸಂಗೀತ ನಿರ್ದೇಶಕ ಅಜನೀಶ್ ಲೋಕನಾಥ್ ಒಪ್ಪಲಿಲ್ಲ, ರಾಗ ಒಂದೇ ಆದ್ದರಿಂದ ಹಾಗೆ ಕೇಳುತ್ತೆ ಅಂದರು. ಆಮೇಲೆ ಹಳೇ ಟ್ಯೂನ್ ವಾಪಸ್ ಬಂತು. ಅವತ್ತು ನಾವು ಅರ್ಧ ಗಂಟೆ ಜಗಳ ಆಡಿದ್ದೆವು, ನೆನಪಿದೆಯಾ? ರಾಗಕ್ಕೆ ಒಡೆಯ ಯಾರು ಅಂತ ನೀನು, ರಾಗ ಬೇರೆ ಹಾಡು ಬೇರೆ ಅಂತ ನಾನು.

ಈಗ ನಿನ್ನ ಟ್ಯೂನ್. ಎಡಿಟರ್ ಹುಡುಗನ ಕಿವಿ ಚುರುಕಾಗಿದೆ, ಬೈಯಬೇಡ ಅವನನ್ನು. ನಾಲ್ಕನೇ ಸಲ ಕೇಳಿದಾಗ ನನಗೂ ಸಿಕ್ಕಿತು. ಪಲ್ಲವಿಯ ಎರಡನೇ ಸಾಲು ಗ ಗ ಪ, ಪ, ದ ಪ ಸ ಅಂತ ಹತ್ತುತ್ತೆ. ಅದು ಯಾವ ಸಿನಿಮಾದ್ದೂ ಅಲ್ಲ ಮಾರಾಯ. ‘ವರವೀಣಾ ಮೃದುಪಾಣಿ’! ಮೂರನೇ ಕ್ಲಾಸಿನಲ್ಲಿ ವಾರ್ಷಿಕೋತ್ಸವಕ್ಕೆ ನೀನು ಹಾಡಿ, ನಡುವೆ ಮರೆತು, ಅತ್ತು, ಮೇಷ್ಟ್ರು ಪರದೆ ಹಿಂದಿನಿಂದ ಎತ್ತಿಕೊಟ್ಟರಲ್ಲ, ಅದೇ ಗೀತೆ. ಅವತ್ತು ಮರೆತ ಸಾಲು ಈಗ ನೆನಪಾಗಿದೆ, ಅಷ್ಟೇ.

ಒಂದು ಕೆಲಸ ಮಾಡು. ಗಿಟಾರ್ ತೆಗೆದು ಬರೀ ಶ್ರುತಿ ಇಟ್ಟುಕೊಂಡು ಹಾಡಿ ಇನ್ನೊಮ್ಮೆ ಕಳಿಸು. ಭಾನುವಾರ ಮೇಷ್ಟ್ರ ಮನೆ ಕಡೆ ಹೋಗುವುದಿದೆ, ಅವರಿಗೂ ಕೇಳಿಸುತ್ತೇನೆ.

ನಿನ್ನ,
ಸತೀಶ