ಅಪ್ಪ, ಮೆಣಸು ಮಾರ್ಬೇಡಿ

ಐಂಡ್‌ಹೋವನ್, ನೆದರ್ಲೆಂಡ್ಸ್, ಭಾನುವಾರ ರಾತ್ರಿ

ಅಪ್ಪ, ಅಮ್ಮ, ನಮಸ್ಕಾರ. ನಾನು ಆರಾಮಿದೀನಿ, ನೀವೂ ಆರಾಮ ಅಂದ್ಕೊಂಡಿದೀನಿ. ಅಜ್ಜಿ ಮಂಡಿನೋವು ಹೇಗಿದೆ? ಪುಟ್ಟ, ಇದನ್ನ ನೀನೇ ಮೊಬೈಲಲ್ಲಿ ಓದಿ ಹೇಳು, ನಿಧಾನಕ್ಕೆ ಓದು, ನಿಂಗೆ ಬೇಕಾದ್ದು ಮಾತ್ರ ಓದ್ಬೇಡ. ಫೋನಲ್ಲಿ ಹೇಳೋಣ ಅಂದ್ರೆ ಅಪ್ಪ ಎರಡು ನಿಮಿಷಕ್ಕೆ "ಆಯ್ತು ಇಡಮ್ಮ, ಬಿಲ್ ಬರುತ್ತೆ" ಅಂತಾರೆ. ವಾಟ್ಸಾಪಿಗೆ ಬಿಲ್ ಇಲ್ಲಪ್ಪ.

ಪುಟ್ಟನ ಮೆಸೇಜ್ ಓದಿದಾಗಿಂದ ತಲೆ ಕೆಟ್ಟಿದೆ. ಕಂಪ್ಯೂಟರ್ ತಾನಾಗೇ ಆಫ್ ಆಗ್ತಿದೆ, ಚಿಕ್ಕಮಗಳೂರಿಗೆ ತಗೊಂಡು ಹೋಗಿದ್ರು, ಐ.ಜಿ. ರೋಡ್ ಕಡೆ ಅಂಗಡಿಯವನು ಮದರ್‌ಬೋರ್ಡ್ ಹೋಗಿದೆ ಹೊಸದೇ ತಗೊಳ್ಳಿ 52 ಸಾವಿರ ಆಗುತ್ತೆ ಅಂದ, ಅಪ್ಪ ಸ್ಟೋರಲ್ಲಿರೋ ಮೆಣಸು ಕೊಡೋಕೆ ಹೊರಟಿದಾರೆ, ಇಷ್ಟೇ ಬರೆದಿದಾನೆ. ಹೇಳಿದ್ದಕ್ಕೆ ಅವನಿಗೆ ಬೈಬೇಡಿ. ದೀಪಾವಳಿ ತನಕ ಒಂದು ಕಾಳೂ ಕೊಡಲ್ಲ, ರೇಟ್ ನೋಡ್ಕೊಂಡೇ ಕೊಡೋದು ಅಂತ ಮೊನ್ನೆ ತಾನೆ ಹೇಳಿದ್ರಿ. ಈಗ ಒಂದು ಡಬ್ಬಕ್ಕೋಸ್ಕರ ಮಳೆಗಾಲದ ಮಧ್ಯ ಮೂಟೆ ಬಿಚ್ಚಿದ್ರೆ ವ್ಯಾಪಾರಿ ಮಾಯಿಶ್ಚರ್ ಜಾಸ್ತಿ ಅಂತ ಮತ್ತೆ ಕಟ್ ಮಾಡ್ತಾನೆ, ನಿಮಗೆ ಗೊತ್ತಿಲ್ದೆ ಇರೋದಾ?

ಅದಿರ್ಲಿ, ಪುಟ್ಟ ಒಂದು ಮಾತು ಸುಮ್ನೆ ಬರೆದು ಮುಂದೆ ಹೋಗಿದಾನೆ, ನಂಗೆ ಅದೇ ಮುಖ್ಯ ಅನ್ನಿಸ್ತು. ಅಂಗಡೀಲಿ ದಿನಪೂರ್ತಿ ಆನ್ ಮಾಡಿ ಇಟ್ಟಿದ್ರಂತೆ, ಒಂದ್ಸಲನೂ ಆಫ್ ಆಗಿಲ್ವಂತೆ. ಹಂಗಾದ್ರೆ ಮದರ್‌ಬೋರ್ಡ್ ಹೋಗಿದೆ ಅಂತ ಯಾವ ಬಾಯಲ್ಲಿ ಹೇಳಿದ? ಪೇಟೇಲಿ ಓಡೋ ಮಿಷನ್ನು ಆಲ್ದೂರು ದಾಟಿ ನಮ್ಮನೆಗೆ ಬಂದ ತಕ್ಷಣ ಕೆಡುತ್ತೆ ಅಂದ್ರೆ ಮೊದ್ಲು ನೋಡ್ಬೇಕಾಗಿರೋದು ಮನೆ ಕರೆಂಟು, ಯುಪಿಎಸ್ಸು, ಇಟ್ಟಿರೋ ಜಾಗ. ವಿಂಡೋಸ್ ಹತ್ತು ನಿಂತುಹೋಯ್ತು ಅದಕ್ಕೇ ಹಿಂಗಾಗ್ತಿದೆ ಅಂತ ಬೇರೆ ಹೇಳಿದಾನಂತೆ. ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ನಿಲ್ಸಿದ್ದು ನಿಜ, ಆದ್ರೆ ಅದು ಸೆಕ್ಯುರಿಟಿ ಅಪ್ಡೇಟಿನ ಮಾತು. ಅಪ್ಡೇಟ್ ನಿಂತಿದೆ ಅಂತ ಯಾವ ಕಂಪ್ಯೂಟರೂ ಫಟ್ ಅಂತ ಆಫ್ ಆಗಲ್ಲ.

ಈ ವಿಷಯ ಇಲ್ಲಿ ಶನಿವಾರ ಒಬ್ಬ ಅಜ್ಜನ ಹತ್ರನೂ ಮಾತಾಡ್ದೆ. ಇಲ್ಲಿ ರಿಪೇರ್ ಕೆಫೆ ಅಂತ ಒಂದಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಮಾರ್ಟಿನ್ ಪೋಸ್ಟ್ಮಾ ಅನ್ನೋ ಹೆಂಗಸು ಶುರು ಮಾಡಿದ್ದು, ಈಗ ತುಂಬ ಊರಲ್ಲಿ ಇದೆ. ಕೆಟ್ಟಿದ್ದನ್ನ ತಗೊಂಡು ಹೋದ್ರೆ ರಿಟೈರಾದ ಎಂಜಿನಿಯರುಗಳು ಪಕ್ಕದಲ್ಲಿ ಕೂರಿಸ್ಕೊಂಡು ಬಿಚ್ತಾರೆ, ದುಡ್ಡು ಕೇಳಲ್ಲ. ಅಮ್ಮ ಕೊಟ್ಟು ಕಳ್ಸಿದ್ದ ಮಿಕ್ಸಿ ತಗೊಂಡು ಹೋಗಿದ್ದೆ. ಚಟ್ನಿ ಜಾರ್ ನೋಡಿ ಆ ಅಜ್ಜ ಇದೇನು ಲ್ಯಾಬೋರೇಟರಿದಾ ಅಂತ ಕೇಳಿದ! ಕಾರ್ಬನ್ ಬ್ರಷ್ ಸವೆದಿದೆ ಅಂತ ಬದಲಾಯಿಸಿ ಕೊಟ್ಟ, ಆಮೇಲೆ ಕಾಫಿ ಕೊಟ್ಟು, ಡಬ್ಬದಿಂದ ಒಂದೇ ಒಂದು ಬಿಸ್ಕತ್ತು ತೆಗೆದು ನನ್ನ ತಟ್ಟೆಗಿಟ್ಟು ಮುಚ್ಚಳ ಹಾಕ್ಬಿಟ್ಟ. ಜುಗ್ಗತನ ಅಂದ್ಕೋಬೇಡಿ, ಇಲ್ಲಿ ಪದ್ಧತಿನೇ ಅದು, ಜನ ತುಂಬ ಒಳ್ಳೆಯವ್ರು. ಕಾಫಿ ಮಾತ್ರ ಕೇಳ್ಬೇಡಿ, ತೋಟದವರ ಮಗಳಾಗಿ ಅದನ್ನ ಕುಡಿದಿದ್ದಕ್ಕೆ ಕ್ಷಮಿಸಿ. ನಮ್ಮನೆ ಕಂಪ್ಯೂಟರ್ ಕಥೆ ಹೇಳಿದ್ರೆ ಅವನೂ ಕೇಳಿದ್ದು ಒಂದೇ, ಬೇರೆ ಕಡೆ ಇಟ್ಟಾಗಲೂ ಆಫ್ ಆಗುತ್ತಾ ಅಂತ.

ಸರಿ ಪುಟ್ಟ, ಈಗ ನಿನ್ನ ಕೆಲಸ. ಆಫ್ ಆಗೋದು ಎರಡು ಥರ ಅಂತ ನೀನೇ ಬರೆದಿದೀಯ, ಎರಡನ್ನೂ ಕಲಸ್ಬೇಡ. ಸಂಜೆ ಲೈಟು ಒಂಚೂರು ಮಿಣುಕಿದಾಗ ಆಫ್ ಆಗಿ ತಕ್ಷಣ ತಾನೇ ಆನ್ ಆಗೋದು ಒಂದು. ನನ್ ಜೊತೆ ವೀಡಿಯೋ ಕಾಲಲ್ಲಿ ಇದ್ದು ಇದ್ದು ಆಫ್ ಆಗಿ, ಸ್ವಿಚ್ ಒತ್ತಿದ್ರೂ ಹತ್ತು ನಿಮಿಷ ಬರದೇ ಇರೋದು ಇನ್ನೊಂದು. ಮೊದಲನೇದು ಹೆಚ್ಚುಕಮ್ಮಿ ಕರೆಂಟಿಂದು, ಎರಡನೇದು ಬಿಸಿ ಆಗಿ ಆಗೋದು.

ಕರೆಂಟಿಂದು ಹೇಳ್ತೀನಿ ಮೊದ್ಲು. ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ನಂಬರ್ ಬರುತ್ತಲ್ಲ, ಅದರಲ್ಲಿ ಇನ್‌ಪುಟ್ ಯಾವುದು ನೋಡ್ಕೊಂಡು ಸಂಜೆ ಏಳರಿಂದ ಒಂಬತ್ತರ ತನಕ ಆಗಾಗ ಬರ್ಕೋ. 230ರ ಆಸುಪಾಸು ಇರ್ಬೇಕು. ಇಲ್ಲೂ 230 ವೋಲ್ಟೇ, ಆದ್ರೆ ಇಲ್ಲಿ 230 ಅಂದ್ರೆ 230, ನಮ್ಮಲ್ಲಿ ಪುನರ್ವಸು ಮಳೆಗೆ ಸಿಲ್ವರ್ ಓಕ್ ಕೊಂಬೆ ಲೈನಿಗೆ ತಾಗ್ತಾ ಇದ್ರೆ ಎಷ್ಟು ಬರುತ್ತೋ ಆ ದೇವರಿಗೇ ಗೊತ್ತು. ವೋಲ್ಟೇಜ್ ಬಿದ್ದಾಗ ಯುಪಿಎಸ್ ಬ್ಯಾಟರಿಗೆ ಹೋಗ್ಬೇಕು. ಬ್ಯಾಟರಿ ಸತ್ತಿದ್ರೆ ಆ ಕ್ಷಣಕ್ಕೆ ಎಲ್ಲ ಆಫ್. ಆ ಯುಪಿಎಸ್ ನಾನು ಡಿಗ್ರೀಲಿದ್ದಾಗ ತಂದಿದ್ದು, ಬ್ಯಾಟರಿ ಯಾರಾದ್ರೂ ಬದಲಾಯಿಸಿದೀರಾ? ಅದು ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕಿಂತ ಜಾಸ್ತಿ ಬರಲ್ಲ. ಟೆಸ್ಟ್ ಮಾಡೋದು ಸುಲಭ, ಕಂಪ್ಯೂಟರ್ ತೆಗೆದುಬಿಟ್ಟು ಯುಪಿಎಸ್‌ಗೆ ಟೇಬಲ್ ಲ್ಯಾಂಪ್ ಹಾಕು, ಉರೀತಿರುವಾಗ ಗೋಡೆ ಸ್ವಿಚ್ ಆಫ್ ಮಾಡು. ಲ್ಯಾಂಪ್ ಆರಿಹೋದ್ರೆ ಬ್ಯಾಟರಿ ಕಥೆ ಮುಗೀತು. 12 ವೋಲ್ಟ್ 7 ಎಎಚ್ ಅಂತ ಅದರ ಮೇಲೇ ಬರೆದಿರುತ್ತೆ, ಸಾವಿರದ ಆಸುಪಾಸಲ್ಲಿ ಬರುತ್ತೆ, ಹಳೇದು ಕೊಟ್ರೆ ಒಂಚೂರು ಮುರ್ಕೊಳ್ತಾರೆ. 52 ಸಾವಿರ ಎಲ್ಲಿ, ಇದೆಲ್ಲಿ!

ಬಿಸಿದು ಅಮ್ಮಂಗೆ ಸ್ವಲ್ಪ ಬೇಜಾರಾಗ್ಬಹುದು. ಅಮ್ಮ, ನೀನು ಕ್ರೋಶಾ ಹಾಕಿ ಕಂಪ್ಯೂಟರ್ ಕ್ಯಾಬಿನೆಟ್ಟಿಗೆ ಹೊದಿಸಿದೀಯಲ್ಲ ಕವರ್, ತುಂಬ ಚೆನ್ನಾಗಿದೆ, ಇಲ್ಲಿ ಫೋಟೋ ತೋರಿಸಿದ್ರೆ ಎಲ್ರೂ ಹೊಗಳಿದ್ರು, ಆದ್ರೆ ದಯವಿಟ್ಟು ಅದನ್ನ ಟೀವಿ ಮೇಲೆ ಹಾಕು. ಕ್ಯಾಬಿನೆಟ್ಟಿಗೆ ಉಸಿರಾಡಕ್ಕೆ ಜಾಗ ಬೇಕು. ಗೋಡೆಗೆ ಒತ್ತಿ ಇಡ್ಬೇಡಿ, ಒಂದು ಗೇಣು ಈಚೆ ಎಳೀರಿ. ಪ್ರೊಸೆಸರ್ ಹತ್ತತ್ರ 100 ಡಿಗ್ರಿಗೆ ಹೋದ್ರೆ ಮೊದ್ಲು ಸ್ಲೋ ಆಗುತ್ತೆ, ಇನ್ನೂ ಏರಿದ್ರೆ ಸುಟ್ಟು ಹೋಗ್ಬಾರ್ದು ಅಂತ ಆಫ್ ಮಾಡ್ಕೊಳ್ಳುತ್ತೆ. ಅಂದ್ರೆ ಅದು ಕೆಟ್ಟಿರೋದಲ್ಲ, ಜೀವ ಉಳಿಸ್ಕೊಳ್ತಿರೋದು. ತಣ್ಣಗಾಗೋ ತನಕ ಬರಲ್ಲ, ಅದಕ್ಕೇ ಆ ಹತ್ತು ನಿಮಿಷ.

ಪುಟ್ಟ, ಸೈಡಿನ ತಗಡು ಬಿಚ್ಚು. ಬಿಚ್ಚೋಕೆ ಮುಂಚೆ ಗೋಡೆಯಿಂದ ಪ್ಲಗ್ಗೇ ಕಿತ್ತು ಬಿಡು, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ, ಕಿತ್ತ ಮೇಲೆ ಪವರ್ ಬಟನ್ ಒಂದು ಹತ್ತು ಸೆಕೆಂಡ್ ಒತ್ತಿ ಹಿಡಿ, ಒಳಗೆ ಉಳಿದಿರೋ ಚಾರ್ಜ್ ಹೋಗುತ್ತೆ. ಬಚ್ಚಲ ಒಲೆ ಹೊಗೆ, ಕಾಫಿ ಸಿಪ್ಪೆ ಧೂಳು, ಹಲ್ಲಿ ಮೊಟ್ಟೆ, ಏನೇನಿದೆಯೋ ನೋಡು, ಹೊಸ ಪೇಂಟ್ ಬ್ರಷ್ ತಗೊಂಡು ನಿಧಾನಕ್ಕೆ ಉದುರ್ಸು, ಫ್ಯಾನ್ ತಿರುಗದ ಹಾಗೆ ಬೆರಳಿಟ್ಟು ಹಿಡ್ಕೊಂಡು. ಬಾಯಲ್ಲಿ ಊದ್ಬೇಡ, ಎಂಜಲು ಹಾರುತ್ತೆ. ಅಪ್ಪ, ನೀವು ದಯವಿಟ್ಟು ತೋಟದ ಬ್ಲೋವರ್ ತರ್ಬೇಡಿ, ನೀವು ಅದನ್ನೇ ಯೋಚಿಸ್ತಿದೀರಿ ಅಂತ ಗೊತ್ತು. ರ‍್ಯಾಮ್ ಕಡ್ಡಿ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನ ರಬ್ಬರಿಂದ ಒರೆಸಿ ವಾಪಸ್ ಹಾಕು, ಟಕ್ ಅಂತ ಕೂರ್ಬೇಕು. ನಮ್ಮ ಕಡೆ ಶೀತಕ್ಕೆ ಅಲ್ಲೇ ಪಾಚಿ ಕಟ್ಟಿದಂಗೆ ಆಗಿರುತ್ತೆ. ಇಷ್ಟು ಮಾಡಿದ್ಮೇಲೂ ಬಿಸಿ ಆದ್ರೆ ಪ್ರೊಸೆಸರ್ ಮೇಲೆ ಬಿಸಿ ಹೊರಗೆ ಹೋಗ್ಲಿ ಅಂತ ಹಚ್ಚಿರೋ ಪೇಸ್ಟ್ ಒಣಗಿದೆ ಅಂತ, ಅದನ್ನ ನೀನು ಮಾಡ್ಬೇಡ, ಪೇಟೇಲಿ ಬೇರೆ ಅಂಗಡೀಲಿ ಮಾಡ್ಸು.

ಇನ್ನೊಂದು, ಕಂಪ್ಯೂಟರ್ ತಾನೇ ಡೈರಿ ಬರೀತಿರುತ್ತೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆಗಿ, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಅಲ್ಲಿ ಕರ್ನಲ್ ಪವರ್ 41 ಅಂತ ಇದ್ರೆ ಹೇಳದೇ ಕೇಳದೇ ಆಫ್ ಆಗಿದೆ ಅಂತ ಅಷ್ಟೇ ಅರ್ಥ, ಯಾಕೆ ಅಂತ ಅದು ಹೇಳಲ್ಲ. 1074 ಇದ್ರೆ ವಿಂಡೋಸೋ ಅಥವಾ ಯಾರಾದ್ರೂನೋ ಸರಿಯಾಗಿ ರೀಸ್ಟಾರ್ಟ್ ಕೊಟ್ಟಿದಾರೆ. ಟೈಮ್ ನೋಡಿ ಅಪ್ಪಂಗೆ ಹೇಳು. ಅಪ್ಪ, ನೀವು ಮಳೆ ಪುಸ್ತಕದಲ್ಲಿ ಇಂಚು ಸೆಂಟು ಬರೀತೀರಲ್ಲ, ಅದರ ಪಕ್ಕದಲ್ಲೇ ಬರ್ಕೊಳ್ಳಿ: ಎಷ್ಟು ಗಂಟೆ, ಲೈಟ್ ಮಿಣುಕ್ತಾ, ಯುಪಿಎಸ್ ಕೂಗ್ತಾ. ಒಂದು ವಾರ ಬರೆದ್ರೆ ಅಂಗಡಿಯವನಿಗಿಂತ ಚೆನ್ನಾಗಿ ನೀವೇ ಹೇಳ್ತೀರಿ. ಅಂದ್ಹಾಗೆ ಇಲ್ಲಿ ಮಳೆ ಎಷ್ಟು ಅಂತ ಕೇಳಿದ್ರಲ್ಲ, ದಿನಾ ಜಿಟಿಜಿಟಿ ಅನ್ನುತ್ತೆ, ಎಲ್ರೂ ಅದರಲ್ಲೇ ಸೈಕಲ್ ತುಳೀತಾರೆ, ವರ್ಷಪೂರ್ತಿ ಕೂಡಿದ್ರೆ 33 ಇಂಚೇನೋ. ನಮ್ಮ ಒಳ್ಳೇ ಜುಲೈ ಮುಂದೆ ಇವರದ್ದೇನು ಮಳೆ.

ಅಜ್ಜನ ಕಾಲದ ಮಳೆ ಲೆಕ್ಕ ಅಷ್ಟೂ ಆ ಕಂಪ್ಯೂಟರಲ್ಲೇ ಇರೋದು, ಆಳುಗಳ ಪೇಮೆಂಟ್ ಲೆಕ್ಕನೂ. ಪುಟ್ಟ, ಬೇರೆಲ್ಲ ಬಿಟ್ಟು ಮೊದ್ಲು ಪೆನ್‌ಡ್ರೈವಿಗೆ ಕಾಪಿ ಮಾಡು. ಎಕ್ಸೆಲ್‌ನಲ್ಲಿ ಆಟೋ ರಿಕವರ್ ಅಂತಿದೆ, ದಿಢೀರ್ ಆಫ್ ಆದ್ರೂ ಬರೆದಿದ್ದು ಸಿಗ್ಲಿ ಅಂತ ತಾನೇ ಕಾಪಿ ಇಡೋದು, ಅದು 10 ನಿಮಿಷಕ್ಕೆ ಇರುತ್ತೆ, ಅದನ್ನ 1 ನಿಮಿಷ ಮಾಡು.

ಒಂದು ವಿಷಯಕ್ಕೆ ಮಾತ್ರ ದುಡ್ಡು ನೋಡ್ಬೇಡಿ. ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ ಅಂತ ಅಮ್ಮ ನಗ್ತಾ ಹೇಳಿದ್ಲು, ನಂಗೆ ನಗು ಬರ್ಲಿಲ್ಲ. ಅದು ಅರ್ತಿಂಗ್ ಸರಿ ಇಲ್ಲ ಅಂತ. ಬೇಸಿಗೇಲಿ ಅರ್ತ್ ಗುಂಡಿ ಒಣಗಿ ಹಂಗಾಗುತ್ತೆ, ಆದ್ರೆ ಇಂಥ ಮಳೇಲೂ ಜುಂ ಅಂದ್ರೆ ವೈರೇ ಎಲ್ಲೋ ಕಡಿದಿರ್ಬೇಕು. ನಾಳೆನೇ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿ ತನಕ ಯಾರೂ ಬರಿಗಾಲಲ್ಲಿ ಅದನ್ನ ಮುಟ್ಬೇಡಿ, ರೆಡ್ ಆಕ್ಸೈಡ್ ನೆಲ ಬೇರೆ ಒದ್ದೆ ಇರುತ್ತೆ. ಆನ್ ಮಾಡ್ದೆ ಇದ್ರೆ ಇನ್ನೂ ಒಳ್ಳೇದು, ಕಾಪಿ ಮಾಡೋದೂ ಅವನು ಬಂದು ನೋಡಿದ್ಮೇಲೇನೇ.

ಈಗ ನಿಜ ಹೇಳಿ ಅಪ್ಪ. ಮೆಣಸು ಕೊಡ್ತಿರೋದು ಕಂಪ್ಯೂಟರಿಗೆ ಮಾತ್ರನಾ? ಕಳೆದ ವರ್ಷ ಸ್ಟೋರಿನ ಶೀಟಿಗೆ ಅಂತ ನಾನು ಕಳ್ಸಿದ್ದನ್ನ ನೀವು ನನ್ನ ಹೆಸರಲ್ಲೇ ಎಫ್‌ಡಿ ಮಾಡಿದೀರಿ ಅಂತ ಅಮ್ಮ ಬಾಯಿ ತಪ್ಪಿ ಹೇಳಿದ್ಲು. ಶೀಟು ಹಂಗೇ ಸೋರ್ತಿದೆ, ದುಡ್ಡು ಬ್ಯಾಂಕಲ್ಲಿ ಕೂತಿದೆ, ಈ ಕಡೆ ನೀವು ಮೂಟೆ ಎತ್ತಿಸ್ತಿದೀರಿ. ಸೊಸೈಟಿ ಕಂತು ಏನಾದ್ರೂ ಬಾಕಿ ಇದೆಯಾ? ಗೊಬ್ಬರದ ಅಂಗಡಿ ಸಾಲನಾ? ಇದ್ರೆ ಇದೆ ಅನ್ನಿ, ನಾನೇನು ಅಲ್ಲಿಂದ ಓಡಿ ಬಂದು ಜಗಳ ಆಡ್ತೀನಾ? ನಂಗಿಲ್ಲಿ ಖರ್ಚೇ ಇಲ್ಲ, ಬಾಡಿಗೆ ಬಿಟ್ರೆ ಏನೂ ಇಲ್ಲ, ಸೈಕಲಲ್ಲೇ ಆಫೀಸಿಗೆ ಹೋಗ್ತೀನಿ, ಆರೋಗ್ಯ ಚೆನ್ನಾಗಿದೆ, ಸಂಬಳ ಸರಿಯಾಗಿ ಬರ್ತಿದೆ, ಕೆಲಸಕ್ಕೂ ಏನೂ ತೊಂದ್ರೆ ಇಲ್ಲ, ಪೇಪರಲ್ಲಿ ಬರೋದೆಲ್ಲ ಓದಿ ಹೆದರ್ಕೋಬೇಡಿ. ಹೊಸ ಕಂಪ್ಯೂಟರೇ ಬೇಕು ಅಂತಾದ್ರೆ ನಾನು ಕೊಡಿಸ್ತೀನಿ, ಆದ್ರೆ ಇದೆಲ್ಲ ನೋಡಿದ್ಮೇಲೆ. ಒಂದು ವೇಳೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬ, ಅಂದ್ರೆ ಎಸ್‌ಎಂಪಿಎಸ್ಸೇ ಹೋಗಿದ್ರೂ ಅದೊಂದನ್ನೇ ಬದಲಾಯಿಸ್ಬಹುದು, ಎರಡು ಮೂರು ಸಾವಿರದ ಮಾತು. ಎಫ್‌ಡಿ ಮುರೀರಿ, ಶೀಟ್ ಹಾಕ್ಸಿ. ಮೆಣಸು ಮುಟ್ಬೇಡಿ.

ನಾಳೆ ಎಂಟಕ್ಕೇ ಮೀಟಿಂಗ್ ಇದೆ, ಇನ್ನೂ ಬಟ್ಟೆ ಮಿಷನ್ನಿಂದ ತೆಗ್ದಿಲ್ಲ, ಇಡ್ತೀನಿ. ಅತ್ತೆಗೆ ಕೇಳಿದೆ ಅಂತ ಹೇಳಿ, ಅವರು ಕಳ್ಸಿದ್ದ ಜಾತಕದ ವಿಷಯ ಆಮೇಲೆ ಮಾತಾಡೋಣ. ಅಜ್ಜಿಗೆ ನಮಸ್ಕಾರ.

ನಿಮ್ಮ,
ಅಮ್ಮಿ

ಪುಟ್ಟ, ಎಸ್‌ಎಂಪಿಎಸ್ ಡಬ್ಬ ಮಾತ್ರ ಬಿಚ್ಬೇಡ, ಪ್ಲಗ್ ಕಿತ್ತಿದ್ರೂ ಒಳಗೆ ಹೊಡೆಯುತ್ತೆ. ಲ್ಯಾಂಪ್ ಟೆಸ್ಟ್ ಏನಾಯ್ತು ಅಂತ ಮೆಸೇಜ್ ಹಾಕು, ಎಲೆಕ್ಟ್ರಿಷಿಯನ್ ಏನಂದ ಅಂತಾನೂ.