ಓಡುವ ಸರಕು ಮಾತ್ರ ಕಳಿಸು

ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಹಿಂದಿನ ಕೋಣೆ ಖಾಲಿ ಮಾಡಿ, ಚನ್ನಪಟ್ಟಣದ ಗೊಂಬೆಗಳನ್ನೆಲ್ಲ ಅಮೆಜಾನ್ ಗೋದಾಮಿಗೆ ತುಂಬಿಬಿಡುತ್ತೇನೆ, ಪ್ಯಾಕಿಂಗ್, ಡೆಲಿವರಿ ಅವರೇ ನೋಡಿಕೊಳ್ಳಲಿ ಅಂದಿದ್ದೀಯ. ಕಳಿಸು, ಬೇಡ ಅನ್ನೋದಿಲ್ಲ. ರಾತ್ರಿ ಹನ್ನೊಂದಕ್ಕೆ ಕೂತು ಟೇಪು ಅಂಟಿಸುವುದು ತಪ್ಪುತ್ತದೆ. ಬೇಗ ತಲುಪುವ ಸರಕಿಗೆ ಅಮೆಜಾನ್ ಹಾಕುವ ಪ್ರೈಮ್ ಗುರುತು ಸಿಗುತ್ತದೆ. ಆದರೆ ಎಲ್ಲವನ್ನೂ ಕಳಿಸಬೇಡ.

ಅವರ ಗೋದಾಮಿನ ಬಾಡಿಗೆ ನಿನ್ನ ಗೊಂಬೆಯ ಬೆಲೆ ನೋಡುವುದಿಲ್ಲ, ಅದು ಎಷ್ಟು ಜಾಗ ಹಿಡಿಯುತ್ತದೆ ಅಂತ ನೋಡುತ್ತದೆ. ಘನ ಅಡಿಗೆ ಇಷ್ಟು, ತಿಂಗಳಿಗೆ ಇಷ್ಟು. ತುಂಬಾ ದಿನ ಕೂತರೆ ಅದರ ಮೇಲೆ ಇನ್ನೊಂದು ದಂಡ. ಗಿಲಕಿ, ಬುಗುರಿ ಚಿಕ್ಕವು, ವಾರವಾರವೂ ಹೋಗುತ್ತವೆ. ಅವು ಹೋಗಲಿ. ನಿನ್ನ ತೂಗು ಕುದುರೆ ಇದೆಯಲ್ಲ, ಅದರ ಡಬ್ಬ ಅಳೆದು ನೋಡು. 50 ಸೆಂಟಿಮೀಟರ್ ಉದ್ದ, 25 ಅಗಲ, 40 ಎತ್ತರ ಅಂತ ಇಟ್ಟುಕೋ. ಸಾಗಣೆಗೂ ಡಬ್ಬದ ಗಾತ್ರವನ್ನು ಕಿಲೋಗೆ ತಿರುಗಿಸಿ ನೋಡುತ್ತಾರೆ: ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ 10 ಬರುತ್ತದೆ. ಕುದುರೆ ತಕ್ಕಡಿಯಲ್ಲಿ ಮೂರೇ ಕಿಲೋ ಇರಲಿ, ಸಾಗಣೆಗೆ ಹತ್ತು ಕಿಲೋ ಲೆಕ್ಕ. ತಿಂಗಳಿಗೆ ಒಂದೋ ಎರಡೋ ಮಾರುವ ಕುದುರೆ ಅಲ್ಲಿ ಕೂತು ಬಾಡಿಗೆ ತಿನ್ನುವುದು ಯಾಕೆ? ಮನೆಯಲ್ಲೇ ಇರಲಿ, ಆರ್ಡರ್ ಬಂದಾಗ ನೀನೇ ಕಳಿಸು. ಆ ಹಿಂದಿನ ಕೋಣೆ ಅದಕ್ಕೇ ಇರಲಿ.

ವಾಪಸ್ ಬರುವ ಸರಕಿನದೂ ಹೀಗೇ. ಮಗು ಕಚ್ಚಿದ ಗಿಲಕಿ ಹಲ್ಲಿನ ಗುರುತಿನ ಸಮೇತ ಗೋದಾಮಿಗೆ ಬರುತ್ತದೆ. ಮಾರಲಾಗದ್ದು ಅಂತ ಪಕ್ಕಕ್ಕಿಡುತ್ತಾರೆ. ಅದನ್ನು ವಾಪಸ್ ತರಿಸಿಕೊಳ್ಳೋದಕ್ಕೂ ನೀನೇ ದುಡ್ಡು ಕೊಡಬೇಕು! ಅರಗಿನ ಬಣ್ಣಕ್ಕೆ ಗೀರು ಬೀಳದಂತೆ ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಅವರ ಬಾರ್‌ಕೋಡ್ ಅಂಟಿಸಿಯೇ ಕಳಿಸು. ಅಂದರೆ ಟೇಪಿನ ಕೆಲಸ ಪೂರ್ತಿ ತಪ್ಪಿತು ಅಂದುಕೊಳ್ಳಬೇಡ. ಕಳಿಸಿದ್ದು ಎಷ್ಟು, ಅವರು ಎಣಿಸಿದ್ದು ಎಷ್ಟು ಅಂತ ಪ್ರತಿ ಸಲ ತಾಳೆ ನೋಡು. ಕಡಿಮೆ ಬಿದ್ದರೆ ಕೂಡಲೇ ಕ್ಲೇಮ್ ಹಾಕು. ಅದಕ್ಕೆ ಗಡುವು ಇರುತ್ತದೆ.

ಇನ್ನು ಜಿಎಸ್‌ಟಿ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. ನಿನ್ನ ಸರಕು ಬೆಂಗಳೂರಿನ ಸುತ್ತಲ ಅವರ ಗೋದಾಮಿನಲ್ಲಿದ್ದರೆ, ಆ ವಿಳಾಸವನ್ನು ನಿನ್ನ ನೋಂದಣಿಯಲ್ಲಿ ಹೆಚ್ಚುವರಿ ವ್ಯಾಪಾರ ಸ್ಥಳ ಅಂತ ಸೇರಿಸಬೇಕು. ಜಿಎಸ್‌ಟಿಗೂ ಮೊದಲು, 2014ರಲ್ಲೇ, ಅಮೆಜಾನ್ ಗೋದಾಮಿನಲ್ಲಿ ಸರಕಿಟ್ಟ ಮಾರಾಟಗಾರರಿಗೂ ನಮ್ಮ ವಾಣಿಜ್ಯ ತೆರಿಗೆ ಇಲಾಖೆಗೂ ಇದರ ಮೇಲೆ ಜಟಾಪಟಿ ನಡೆದಿತ್ತು. ಈಗ ದಾರಿ ಸ್ಪಷ್ಟವಾಗಿದೆ, ಕಾಗದ ಸರಿ ಇದ್ದರೆ ಸಾಕು. ಆದರೆ ಹೈದರಾಬಾದಿನ ಗೋದಾಮಿಗೂ ಕಳಿಸು ಅಂತ ಅವರ ಸಾಫ್ಟ್‌ವೇರ್ ಆಸೆ ತೋರಿಸಿದರೆ ತಡಿ. ಅಲ್ಲಿ ಇಟ್ಟರೆ ತೆಲಂಗಾಣದಲ್ಲಿ ಬೇರೆ ನೋಂದಣಿ, ಬೇರೆ ತೆರಿಗೆ ರಿಟರ್ನ್. ಇಲ್ಲಿಂದ ಅಲ್ಲಿಗೆ ನಿನ್ನದೇ ಗೊಂಬೆ ಸಾಗಿಸಿದರೂ ತೆರಿಗೆ ಬಿಲ್ ಬೇಕು. ಮೊದಲ ವರ್ಷ ಕರ್ನಾಟಕದಲ್ಲೇ ಇರಲಿ.

ಒಂದು ಕೊರಗು ನನಗಿದೆ. ಅಮೆಜಾನ್ ಡಬ್ಬದಲ್ಲಿ ಹೋದರೆ ಕೊಂಡವರಿಗೆ ನಿನ್ನ ಹೆಸರು ನೆನಪಿರೋದಿಲ್ಲ, ನಿನಗೂ ಅವರ ಪರಿಚಯ ಆಗೋದಿಲ್ಲ. ವಾಟ್ಸಾಪಿನಲ್ಲಿ ಕೇಳುವ ಶಾಲೆಗಳು, ನವರಾತ್ರಿಗೆ ಬೊಂಬೆ ಕೂರಿಸುವ ಮನೆಗಳು, ಇವರನ್ನು ಅಮೆಜಾನ್‌ಗೆ ಬಿಟ್ಟುಕೊಡಬೇಡ.

ಈ ತಿಂಗಳು ಗಿಲಕಿ, ಬುಗುರಿ ಒಂದೊಂದು ಪೆಟ್ಟಿಗೆ ಕಳಿಸು. ಅವರ ಕಮಿಷನ್, ಬಾಡಿಗೆ, ಸಾಗಣೆ, ವಾಪಸಾತಿ ಕಳೆದು ಒಂದು ಗಿಲಕಿಗೆ ಕೈಗೆ ಎಷ್ಟು ಬಂತು ಅಂತ ಬರೆದಿಡು. ಆ ಹಾಳೆ ನನಗೂ ಕಳಿಸು, ದೀಪಾವಳಿಗೆ ಎಷ್ಟು ಪೆಟ್ಟಿಗೆ ಅಂತ ಕೂತು ಮಾತಾಡೋಣ.

ನಿನ್ನ ಮಾವ