ನಿನ್ನ ಎಂಟು ತಿನಿಸುಗಳ ಪಟ್ಟಿಗೆ ಉತ್ತರ

ಪ್ರೀತಿಯ ಗೆಳೆಯನಿಗೆ,

ಶಿರಸಿಯಿಂದ ನಿನ್ನ ಸ್ನೇಹಿತನ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮ. ನಿನ್ನ ಪತ್ರ ಕೈಸೇರಿ ಎರಡು ವಾರಗಳಾದರೂ ಉತ್ತರ ಬರೆಯಲಾಗಲಿಲ್ಲ. ಪುಷ್ಯ ಮಳೆ ಈ ಸಲ ಹೊಳವು ಕೊಡದೆ ಹೊಯ್ದದ್ದರಿಂದ ಅಡಿಕೆ ತೋಟಕ್ಕೆ ಎರಡನೆಯ ಸಲ ಮದ್ದು ಹೊಡೆಸುವ ಕೆಲಸ ಹಿಂದೆ ಬಿದ್ದಿತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣದ ಲೆಕ್ಕದಲ್ಲಿ ದ್ರಾವಣ ಕದಡಿ, ಮೋಡ ಸರಿದ ಎರಡು ತಾಸಿನೊಳಗೆ ಕೊನೆಗೌಡನನ್ನು ಹುಡುಕಿ ತಂದು, ಜಾರುವ ಮರ ಹತ್ತಿಸಿ ಕೊನೆಗಳನ್ನು ತೋಯಿಸಿ ಮುಗಿಸುವುದೆಂದರೆ ಏನೆಂಬುದನ್ನು ನೀನು ಮರೆತಿರಲಾರೆ. ನಿನ್ನೆ ಸಂಜೆ ಆ ಕೆಲಸ ಮುಗಿಯಿತು. ಕೈಯ ನೀಲಿ ಬಣ್ಣ ಇನ್ನೂ ಪೂರ್ತಿ ಹೋಗಿಲ್ಲ.

ದೀಪಾವಳಿಗೆ ನಾಲ್ಕು ದಿನ ರಜೆ ಹಾಕಿ ಮನೆಯವರೊಡನೆ ಬರುವುದಾಗಿ ತಿಳಿಸಿ, ಪುಣೆಯಲ್ಲಿಯೇ ಹುಟ್ಟಿ ಬೆಳೆದ ಮಗಳಿಗೆ ತಿನ್ನಿಸಬೇಕಾದ ಎಂಟು ತಿನಿಸುಗಳ ಪಟ್ಟಿಯನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀಯೆ: ತೊಡೆದೇವು, ಕಬ್ಬಿನ ಹಾಲು, ಮಾವಿನ ಅಪ್ಪೆಮಿಡಿ ಉಪ್ಪಿನಕಾಯಿ, ಅಪ್ಪೆಹುಳಿ, ಬಿದಿರಿನ ಕಳಲೆಯ ಪಲ್ಯ, ಕೆಸುವಿನ ಕರಕಲಿ, ಹಲಸಿನಹಣ್ಣಿನ ಕಡುಬು, ನಿಮ್ಮಲ್ಲಿ ಕೋಕಂ ಎನ್ನುವ ಮುರುಗಲಿನ ಪಾನಕ. ಇದನ್ನು ನನ್ನ ತಾಯಿಗೆ, ನಮ್ಮ ಆಯಿಗೆ, ಓದಿ ಹೇಳಿದೆ. ಅವಳು ಬಾಯಿಯ ಕವಳ ಉಗುಳಿ ಬಂದು, "ಈ ಮಾಣಿ ಹನ್ನೆರಡು ತಿಂಗಳ ಊಟನ ನಾಕು ದಿನದಲ್ಲಿ ಉಣ್ತ್ನಡ" ಎಂದು ನಕ್ಕಳು. ನಾನು ನಗಲಿಲ್ಲ, ಏಕೆಂದರೆ ನಮ್ಮ ಪೇಟೆಯ ಅಂಗಡಿಗಳೇ ಈಗ ನಿನ್ನ ಪಟ್ಟಿಯ ಅರ್ಧಕ್ಕಿಂತ ಹೆಚ್ಚನ್ನು ವರ್ಷವಿಡೀ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕಟ್ಟಿ ಮಾರುತ್ತಿವೆ. ಹೊರಗಿನಿಂದ ನೋಡುವವನಿಗೆ ಇವೆಲ್ಲವೂ ಒಂದೇ ಎಲೆಯ ಮೇಲೆ ಬೀಳುವ ಪದಾರ್ಥಗಳಂತೆ ಕಂಡರೆ ತಪ್ಪೇನಿಲ್ಲ. ಆದರೆ ನೀನು ಹೊರಗಿನವನಲ್ಲ. ಆದ್ದರಿಂದ ಯಾವುದು ಸಿಕ್ಕೀತು, ಯಾವುದು ಸಿಗಲಾರದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ತೊಡೆದೇವಿನಿಂದ ಆರಂಭಿಸುತ್ತೇನೆ. ಹಳೆಯ ಜೋನಿಬೆಲ್ಲವನ್ನು ನೀರಿನಲ್ಲಿ ಕದಡಿ ದೀಪಾವಳಿಯಲ್ಲಿಯೂ ತೊಡೆದೇವು ಮಾಡಬಹುದು, ಮಾಡುವವರೂ ಇದ್ದಾರೆ. ಆದರೆ ಆಲೆಮನೆಯ ದಿನಗಳಲ್ಲಿ, ಆಗಷ್ಟೇ ಗಾಣದಿಂದ ಇಳಿದ ಕಬ್ಬಿನ ಹಾಲಿನಲ್ಲಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ಬೀಸಿ ಮಾಡಿದ ತೊಡೆದೇವಿನ ಪರಿಮಳ ಅದಕ್ಕೆ ಬರುವುದಿಲ್ಲ. ಕಳೆದ ಮಾಘದಲ್ಲಿ ಆಯಿಗೆ ಬೆನ್ನುನೋವು ಎಂದು ನಾನೇ ಮಡಕೆಯ ಮುಂದೆ ಕುಳಿತೆ. ಬೋರಲು ಹಾಕಿದ ಮಡಕೆಯ ಕೆಳಗೆ ಉರಿ ಹದವಾಗಿರಬೇಕು, ಮಡಕೆಯ ಬೆನ್ನಿಗೆ ಎಣ್ಣೆ ಸವರಬೇಕು, ಕೋಲಿಗೆ ಸುತ್ತಿದ ಬಟ್ಟೆಯನ್ನು ತೆಳ್ಳನೆಯ ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತದಲ್ಲಿ ಮಡಕೆಯ ಈ ಅಂಚಿನಿಂದ ಆ ಅಂಚಿಗೆ ತೊಡೆಯಬೇಕು. ಹೇಳುವುದಕ್ಕೆ ಇಷ್ಟೇ. ಕೈ ಅರೆಕ್ಷಣ ತಡೆದರೆ ಅಲ್ಲಿ ದಪ್ಪನಾಗುತ್ತದೆ, ಅವಸರಪಟ್ಟರೆ ತೂತು ಬೀಳುತ್ತದೆ. ಬಟ್ಟೆ ತಗುಲಿದ ಕೂಡಲೇ ಚುಂಯ್ ಎಂದು ಆವಿ ಎದ್ದು, ಹಿಟ್ಟು ಕಾಗದದಷ್ಟು ತೆಳುವಾಗಿ ಅಂಟಿ, ಅಂಚು ತಾನಾಗಿಯೇ ಮೇಲೇಳುತ್ತದೆ. ಅದು ಗರಿಗರಿಯಾಗುವ ಮುನ್ನ, ಬೆರಳು ಸುಡುತ್ತಿದ್ದರೂ, ಎತ್ತಿ ಮಡಚಬೇಕು. ನನ್ನ ಮೊದಲ ಹದಿನೈದು ತೊಡೆದೇವುಗಳು ದನದ ಬಾಯಿಗೆ ಹೋದವು. ಹದಿನಾರನೆಯದನ್ನು ಆಯಿ ಬೆಳಕಿಗೆ ಹಿಡಿದು ನೋಡಿ ಏನೂ ಹೇಳದೆ ತಟ್ಟೆಗೆ ಹಾಕಿದಳು. ನನ್ನ ಜೀವನದಲ್ಲಿ ಪಡೆದ ಪ್ರಮಾಣಪತ್ರಗಳ ಪೈಕಿ ಅದಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ.

ಕಬ್ಬಿನ ಹಾಲಿನ ಮಾತು ಇದರೊಂದಿಗೇ ಮುಗಿಯಿತು. ಗಾಣ ತಿರುಗುವುದು ಹೆಚ್ಚಾಗಿ ಜನವರಿಯಿಂದ ಮಾರ್ಚಿನವರೆಗೆ. ಕೋಣಗಳು ಹೋಗಿ ಯಂತ್ರ ಬಂದಿದೆ, ಆದರೆ ಕೊಪ್ಪರಿಗೆಯ ಸುತ್ತ ನೊರೆಬೆಲ್ಲಕ್ಕೆ ಕಾಯುವ ಮಕ್ಕಳು ಮತ್ತು ಕಬ್ಬಿನ ಹಾಲಿನ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮೆಲ್ಲುವ ದೊಡ್ಡವರು ಹಾಗೆಯೇ ಇದ್ದಾರೆ. ದೀಪಾವಳಿಯಲ್ಲಿ ಕಬ್ಬು ಇನ್ನೂ ಗದ್ದೆಯಲ್ಲಿ ನಿಂತಿರುತ್ತದೆ.

ಇನ್ನು ಮಿಡಿ. ಇದು ನಿನಗೆ ಸಿಗುತ್ತದೆ, ಏಕೆಂದರೆ ಭರಣಿಯಲ್ಲಿದೆ. ಫೆಬ್ರವರಿ ಕಳೆದ ಮೇಲೆ ಹೊಳೆಯ ದಂಡೆಯ ಮರಗಳಿಂದ, ನೆಲಕ್ಕೆ ಬೀಳಿಸದೆ, ತೊಟ್ಟು ಮುರಿಯದೆ ಇಳಿಸಿದ ಮಿಡಿಗಳಿವು. ತೊಟ್ಟು ಹೋದರೆ ಸೊನೆ ಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಗುತ್ತದೆ, ಬಾಳಿಕೆಯೂ ಹೋಗುತ್ತದೆ. ಅನಂತಭಟ್ಟನ ಅಪ್ಪೆಯ ಹೆಸರನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ, ಮುರಿದ ಕೂಡಲೇ ಜೀರಿಗೆಯ ವಾಸನೆ ಹೊಡೆಯುವ ಜೀರಿಗೆ ಮಿಡಿಯೇ ಹೆಚ್ಚು. ಪದರ ಪದರವಾಗಿ ಕಲ್ಲುಪ್ಪು ಹಾಕಿಟ್ಟ ಮಿಡಿಗಳು ನೀರು ಬಿಟ್ಟು, ಮೈ ಸುಕ್ಕುಗಟ್ಟಿ ಚಿರುಟಿಕೊಳ್ಳುವವರೆಗೆ ಕಾದು, ಅದೇ ಉಪ್ಪುನೀರನ್ನು ಕುದಿಸಿ ಆರಿಸಿ ಅದರಲ್ಲಿಯೇ ಸಾಸಿವೆ ಮತ್ತು ಮೆಣಸು ಅರೆದು ಬೆರೆಸುವ ಕ್ರಮ ನಿಮ್ಮ ಮನೆಯಲ್ಲಿಯೂ ಇತ್ತು. ಮೂರು ವರ್ಷಗಳ ಹಿಂದೆ, ಮನೆಗೆ ಬಂದ ನೆಂಟರಿಗೆ ಬಡಿಸುವ ಅವಸರದಲ್ಲಿ, ನಾನು ತೊಳೆದ ಸೌಟನ್ನು ಒರೆಸದೆ ಭರಣಿಗೆ ಇಳಿಸಿದೆ. ಹದಿನೈದು ದಿನಗಳಲ್ಲಿ ಮೇಲೆ ಬಿಳಿಯ ಬೂಷ್ಟು ಹರಡಿ, ಸುಮಾರು ನಾಲ್ಕುನೂರು ಮಿಡಿಗಳನ್ನು ತೆಂಗಿನ ಬುಡಕ್ಕೆ ಸುರಿಯಬೇಕಾಯಿತು. ಆ ವರ್ಷ ಆಯಿ ನನ್ನೊಡನೆ ಉಪ್ಪಿನಕಾಯಿಯ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ, ಇಂದಿಗೂ ಭರಣಿಯ ಬಟ್ಟೆ ಬಿಚ್ಚುವ ಅಧಿಕಾರ ನನಗಿಲ್ಲ.

ಅಪ್ಪೆಹುಳಿಯನ್ನು ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿಯಿಂದ ಮಾಡಿಕೊಡಬಹುದು. ಇಂಗು, ಒಣಮೆಣಸು, ಸಾಸಿವೆಯ ಒಗ್ಗರಣೆ ಬಿದ್ದ ಮೇಲೆ ವ್ಯತ್ಯಾಸ ನಿನ್ನ ಮಗಳಿಗೆ ತಿಳಿಯಲಾರದು, ನಿನಗೆ ತಿಳಿದೀತು. ಊಟದ ಕೊನೆಗೆ ಎರಡು ಲೋಟ ಕುಡಿದು ಜಗಲಿಯಲ್ಲಿ ಒರಗಿದರೆ ನಿದ್ದೆ ಬರುವುದಂತೂ ನಿಶ್ಚಯ. ಮುರುಗಲಿನ ಒಣಸಿಪ್ಪೆ ಇದೆ, ಪಾನಕಕ್ಕೆ ತೊಂದರೆಯಿಲ್ಲ. ಕಳಲೆ ಈಗ, ಈ ಮಳೆಯಲ್ಲಿ ಏಳುವುದು. ಹೆಚ್ಚಿ ನೀರಿನಲ್ಲಿಟ್ಟು ದಿನವೂ ನೀರು ಬದಲಿಸುತ್ತ ಕಹಿ ತೆಗೆದು ಮೊನ್ನೆಯಷ್ಟೇ ಉಂಡೆವು. ಕೆಸು ಕೂಡ ಮಳೆಗಾಲದ್ದೇ, ಆದರೆ ಬಾವಿಕಟ್ಟೆಯ ಹಿಂದೆ ನಾಲ್ಕು ಎಲೆ ಉಳಿದಿದ್ದರೆ ಕರಕಲಿ ಆದೀತು. ಹಲಸಿನಹಣ್ಣನ್ನು ಮಾತ್ರ ಕೇಳಬೇಡ.

ಪಟ್ಟಿಯಲ್ಲಿ ನೀನು ಬರೆಯದ, ಆದರೆ ದೀಪಾವಳಿಗೆ ಮಾತ್ರ ಸಿಗುವ ಸಂಗತಿಗಳು ಇಲ್ಲಿ ಕಾದಿವೆ ಎಂಬುದು ನನ್ನ ತಕರಾರು. ನಮ್ಮ ಸೀಮೆಯಲ್ಲಿ ಇದು ದೊಡ್ಡಹಬ್ಬವೆಂಬುದನ್ನೇ ನೀನು ಮರೆತಂತಿದೆ. ಬಲೀಂದ್ರನನ್ನು ಕೂರಿಸುವುದು, ಗೋಪೂಜೆಯ ಬೆಳಿಗ್ಗೆ ದನಗಳಿಗೆ ಮೈತೊಳೆಸಿ ಕೊರಳಿಗೆ ಹಣ್ಣಡಿಕೆಯ ಸರ ಮತ್ತು ಚೆಂಡುಹೂವಿನ ಮಾಲೆ ಕಟ್ಟುವುದು, ಆ ಸರವನ್ನು ಕೀಳಲು ಹುಡುಗರು ಬಚ್ಚಲಮನೆಯ ಹಿಂದೆ ಹೊಂಚುಹಾಕುವುದು, ಇವೆಲ್ಲ ಇನ್ನೂ ನಡೆಯುತ್ತಿವೆ. ಹಬ್ಬದ ಹಿಂದಿನ ರಾತ್ರಿ ಬೇರೆಯವರ ಹಿತ್ತಲಿನ ಕಾಯಿ ಕದಿಯುವ ಬೂರೆಗಳವು ಮಾತ್ರ ಕ್ಷೀಣಿಸಿದೆ, ಏಕೆಂದರೆ ಕದಿಯುವ ವಯಸ್ಸಿನ ಹುಡುಗರೆಲ್ಲರೂ ಬೆಂಗಳೂರಿನಲ್ಲಿದ್ದಾರೆ. ನಾವಿಬ್ಬರೂ ಎಂಟನೆಯ ತರಗತಿಯಲ್ಲಿ ನಿಮ್ಮದೇ ಹಿತ್ತಲಿನ ಸೌತೆಕಾಯಿಯನ್ನು ಕತ್ತಲಲ್ಲಿ ಬೇರೆಯವರದೆಂದು ಭ್ರಮಿಸಿ ಕದ್ದು, ಮರುದಿನ ಅದರ ಸಲುವಾಗಿ ನಿನ್ನ ಅಜ್ಜನಿಂದ ಬೈಸಿಕೊಂಡದ್ದನ್ನು ಮಗಳಿಗೆ ಹೇಳಿದ್ದೀಯೋ ಇಲ್ಲವೋ ತಿಳಿಯದು. ಹೇಳಿರದಿದ್ದರೆ ನಾನು ಹೇಳುತ್ತೇನೆ. ಬೆಳಗಿನ ತಿಂಡಿಗೆ ಸೌತೆಕಾಯಿ ತೆಳ್ಳೇವು, ಮಧ್ಯಾಹ್ನಕ್ಕೆ ಹೋಳಿಗೆ. ಹಬ್ಬ ಕಳೆದ ಕೆಲವು ದಿನಗಳಿಗೆ ಕೊನೆಕೊಯ್ಲು ಆರಂಭವಾಗಿ, ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿಯವರೆಗೆ ಅಡಿಕೆ ಸುಲಿಯುವ ಕಾಲ ಬರುತ್ತದೆ. ಆ ಅಂಗಳದಲ್ಲಿ ಹುಟ್ಟುವ ಸುದ್ದಿಗಳ ಮುಂದೆ ನಿಮ್ಮ ಪುಣೆಯ ಪತ್ರಿಕೆಗಳು ಸಪ್ಪೆ.

ಮಗಳಿಗೆ ಊರು ತೋರಿಸುವುದೇ ಉದ್ದೇಶವಾದರೆ ಇನ್ನೊಂದು ಸಲ, ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರಬೇಕಾಗುತ್ತದೆ. ಆಗ ಆಲೆಮನೆಯೂ ಇದೆ, ಎಳೆಯ ಮಿಡಿಯೂ ಇದೆ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚಿನಲ್ಲಿ ನಡೆದಾಗ ಬಿಡ್ಕಿ ಬಯಲಿನ ಗದ್ದುಗೆಯ ಸಾಲಿನಲ್ಲಿ ಆಯಿಯೊಡನೆ ನಾಲ್ಕು ತಾಸು ನಿಂತಿದ್ದೆ. ರಥದಿಂದ ಇಳಿದ ದೇವಿ ವಾರವಿಡೀ ಅಲ್ಲಿ ಕುಳಿತಿರುವಾಗ ಪೇಟೆಗೆ ಪೇಟೆಯೇ ಅವಳ ಅಂಗಳವಾಗುತ್ತದೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲಕ್ಕೆ ಇಲ್ಲಿಯ ಕೋಣಬಲಿ ನಿಂತಿತೆಂಬುದನ್ನು ನನ್ನ ಅಜ್ಜ ತಾನೇ ನಿಲ್ಲಿಸಿದಷ್ಟು ಹೆಮ್ಮೆಯಿಂದ ಹೇಳುತ್ತಿದ್ದ. ಜಾತ್ರೆಯಿಲ್ಲದ ವರ್ಷದ ಹೋಳಿಯಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ಕತ್ತಿ ಗುರಾಣಿ ಹಿಡಿದು, ಸೊಂಟಕ್ಕೆ ಬಿಗಿದ ಹಗ್ಗವನ್ನು ಹಿಂದಿನಿಂದ ಎಳೆದು ಹಿಡಿದವರನ್ನೂ ಎಳೆದುಕೊಂಡು ತಮಟೆಯ ಪೆಟ್ಟಿಗೆ ಮುನ್ನುಗ್ಗುವ ಬೇಡನನ್ನು ಕಂಡು ಆರನೆಯ ವಯಸ್ಸಿನಲ್ಲಿ ನಾನು ಅಪ್ಪಯ್ಯನ ಪಂಚೆಯೊಳಗೆ ಅಡಗಿದ್ದೆ. ಈಗಲೂ ನಟರಾಜ ರಸ್ತೆಯಲ್ಲಿ ಆ ತಮಟೆ ದೂರದಿಂದ ಕೇಳಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೇನೆ.

ಪೇಟೆಯ ಬಗ್ಗೆ ವಿಶೇಷವೇನಿಲ್ಲ. ಐದು ರಸ್ತೆಯಲ್ಲಿ ವಾಹನಗಳ ಒತ್ತಡ ಹೆಚ್ಚಿದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಬಂದದ್ದು ನಿನಗೆ ತಿಳಿದೇ ಇರುತ್ತದೆ; ದರ ಮಾತ್ರ ಯಾವ ಸೂಚಿಕೆಗೂ ಕಾಯದೆ ತನಗೆ ತೋಚಿದಂತೆ ಏರಿಳಿಯುತ್ತದೆ.

ಆದ್ದರಿಂದ ಹೀಗೆ ಮಾಡು. ದೀಪಾವಳಿಯ ಹಿಂದಿನ ದಿನ ಹುಬ್ಬಳ್ಳಿಯವರೆಗೆ ರೈಲಿನಲ್ಲಿ ಬಂದು, ಮುಂಡಗೋಡಿನ ಮೇಲೆ ಬರುವ ಬಸ್ಸು ಹಿಡಿ. ಸಂಜೆಯೊಳಗೆ ತಲುಪಿದರೆ ಬೂರೆಗಳವಿಗೆ ಒಬ್ಬಳು ಹೊಸ ಕಳ್ಳಿ ಸಿಕ್ಕಂತಾಗುತ್ತದೆ. ನಮ್ಮ ಹಿತ್ತಲಿನಲ್ಲಿ ಎರಡು ಸೌತೆಕಾಯಿಗಳನ್ನು ಕೊಯ್ಯದೆ ಬಿಡುವಂತೆ ಹೇಳಿದ್ದೇನೆ. ನಿನ್ನ ಅಮ್ಮ ಪುಣೆಗೆ ಒಯ್ದಿದ್ದ ಕಂದು ಬಣ್ಣದ ಪಿಂಗಾಣಿ ಭರಣಿ ಇನ್ನೂ ಒಡೆಯದೆ ಉಳಿದಿದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾ. ಹೊರಡುವ ಮುನ್ನ ತೊಳೆದು ಎರಡು ದಿನ ಬಿಸಿಲಿಗಿಡು. ಒಳಗೆ ನೀರಿನ ಪಸೆ ಕಂಡರೆ ಆಯಿ ಮಿಡಿ ತುಂಬಿ ಕೊಡುವುದಿಲ್ಲ.

ಇಂತು ನಿನ್ನ ಗೆಳೆಯ